ಹೋಗುವವರ ಅಂಕಣದಲ್ಲಿ ಸೊನ್ನೆ

ಹುರಾಫುಶಿ ಎಂಬ ಹೆಸರನ್ನು ವಿಶಾಲಾ ಹಂಚಿನಾಳ ಮೊದಲ ಸಲ ಓದಿದ್ದು ಮುನ್ಗಾಣಿಯ ಪರದೆಯ ಮೇಲೆ, 2053ರ ಆಗಸ್ಟ್ ತಿಂಗಳ ಒಂದು ಸೋಮವಾರ. ಅವಳು ಮಲಪ್ರಭಾ ವಿಮಾನ ನಿಲ್ದಾಣದ ಮಾರ್ಗ ಯೋಜನಾಧಿಕಾರಿ. ಎರಿಭೂಮಿಯ ನಡುವೆ, ಸಮುದ್ರಮಟ್ಟದಿಂದ ಆರುನೂರು ಮೀಟರ್ ಎತ್ತರದಲ್ಲಿದ್ದ ಆ ನಿಲ್ದಾಣದಿಂದ ಯಾವ ದೇಶಕ್ಕೆ ವಿಮಾನ ಬಿಡಬೇಕು, ವಾರಕ್ಕೆ ಎಷ್ಟು ಸಲ ಬಿಡಬೇಕು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಆ ಲೆಕ್ಕಕ್ಕೆ ಅವಳ ಜೊತೆಗಿದ್ದದ್ದು ಮುನ್ಗಾಣಿ.

ಮುನ್ಗಾಣಿ ಟಿಕೆಟ್‌ಗಳನ್ನು ಎಣಿಸುವ ಯಂತ್ರವಲ್ಲ. ಟಿಕೆಟ್ ಕೊಳ್ಳುವುದಕ್ಕೆ ಎರಡು ಮೂರು ವರ್ಷ ಮೊದಲೇ ಜನ ಏನೇನು ಕೇಳುತ್ತಾರೆ, ಏನು ಹುಡುಕುತ್ತಾರೆ, ಯಾವ ಊರಿನ ಹವೆ ನೋಡುತ್ತಾರೆ, ಮಕ್ಕಳಿಗೆ ಯಾವ ಭಾಷೆಯ ಪಾಠ ಹಾಕಿಸುತ್ತಾರೆ ಎಂಬ ಕೋಟಿಗಟ್ಟಲೆ ಚೂರುಗಳನ್ನು ಅದು ಒಟ್ಟುಗೂಡಿಸುತ್ತಿತ್ತು. ಯಾರ ಹೆಸರೂ ಅದಕ್ಕೆ ತಿಳಿಯುತ್ತಿರಲಿಲ್ಲ, ಗುಂಪಿನ ಒಲವು ಮಾತ್ರ ತಿಳಿಯುತ್ತಿತ್ತು. ಮಸ್ಕತ್, ಕೊಲಂಬೊ, ನೈರೋಬಿ ಈ ಮೂರೂ ಮಾರ್ಗಗಳ ವಿಷಯದಲ್ಲಿ ಅದು ಹೇಳಿದ್ದು ನೂರಕ್ಕೆ ತೊಂಬತ್ತೈದರಷ್ಟು ನಿಜವಾಗಿತ್ತು. ಹಾಗಾಗಿ ಅದರ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ.

ಆ ಸೋಮವಾರ ಪರದೆಯ ಮೇಲೆ ಬಂದದ್ದು ಹೀಗಿತ್ತು: ಹುರಾಫುಶಿಯಿಂದ ವಾರಕ್ಕೆ ಬರುವವರು 164. ಹೋಗುವವರು 0.

ವಿಶಾಲಾ ಯಂತ್ರದ ಎಂಜಿನಿಯರ್ ತೌಫೀಕ್ ನದಾಫನನ್ನು ಕರೆದಳು.

"ತೌಫೀಕ್, ನಿನ್ನ ಮಷಿನ್ ಕೆಟ್ಟೈತೇನಪಾ?"

"ಕೆಟ್ಟಿಲ್ರಿ ಮೇಡಮ್. ಮೂರು ಸಲ ತಿರುಗಿಸಿ ನೋಡೀನಿ. ಮೂರು ಸಲಾನೂ ಇದ ಬಂತು."

"ಎಲ್ಲೈತಿ ಈ ಊರು?"

"ಸಮುದ್ರದಾಗ ಐತ್ರಿ. ಸಣ್ಣ ಸಣ್ಣ ದ್ವೀಪ, ಎಲ್ಲಾ ಕೂಡಿ ಒಂದು ದೇಶ. ಭಾಳ ಎತ್ತರದ ಜಾಗಾ ಅಂದ್ರ ಎರಡು ಮೀಟರ್."

"ಅವರು ನಮ್ಮಲ್ಲಿ ಯಾಕ ಬರ್ತಾರ? ಇಲ್ಲಿ ನೋಡೂದು ಏನೈತಿ? ಬಂದೋರು ಹೋಗೂದಿಲ್ಲಂದ್ರ ಏನದರ ಅರ್ಥ?"

ತೌಫೀಕ್ ತಲೆ ಕೆರೆದುಕೊಂಡ. "ಅದನ್ನ ಮಷಿನ್ ಹೇಳೂದಿಲ್ರಿ. ಎಷ್ಟು ಮಂದಿ ಅಂತ ಹೇಳತೈತಿ, ಯಾಕ ಅಂತ ಹೇಳೂದಿಲ್ಲ."

ನಿಲ್ದಾಣದ ನಿರ್ದೇಶಕ ದೇಸಾಯರಿಗೆ ಮಾತ್ರ ಯಾವ ಗೊಂದಲವೂ ಆಗಲಿಲ್ಲ. ಅವರು ಬರುವವರ ಅಂಕಣವನ್ನಷ್ಟೇ ನೋಡಿದರು. ನಾಲ್ಕನೆಯ ಅಂತಾರಾಷ್ಟ್ರೀಯ ಮಾರ್ಗ ಸಿಕ್ಕರೆ ನಿಲ್ದಾಣದ ದರ್ಜೆ ಏರುತ್ತಿತ್ತು, ಎರಡನೆಯ ಟರ್ಮಿನಲ್‌ಗೆ ಮಂಜೂರಾತಿ ಸಿಗುತ್ತಿತ್ತು. "ಬಾದಾಮಿ, ಐಹೊಳಿ, ಪಟ್ಟದಕಲ್ಲು ನೋಡಾಕ ಬರ್ತಾರವಾ. ದಿನಾ ಬರೇ ನೀರು ನೋಡೋ ಮಂದಿಗೆ ಕಲ್ಲು ನೋಡೂ ಆಸೆ ಇರೂದಿಲ್ಲೇನು?" ಎಂದು ನಕ್ಕು, ದಿಲ್ಲಿಗೆ ಕಳಿಸುವ ಅರ್ಜಿಯಲ್ಲಿ 'ಪ್ರವಾಸಿಗರು' ಎಂಬ ಕಡೆ ತಾವೇ ಗುರುತು ಹಾಕಿದರು. ಹೋಗುವವರ ಅಂಕಣದಲ್ಲಿ 160 ಎಂದು ಬರೆಸಿದರು.

"ಸರ, ಮಷಿನ್ ಸೊನ್ನಿ ಅಂದೈತ್ರಿ," ಎಂದಳು ವಿಶಾಲಾ.

"ಮಷಿನ್‌ಗೆ ವಾಪಸ್ ಟಿಕೆಟ್ ಕಾಣಿಸಿರಾಕಿಲ್ಲ. ಬಂದೋರು ಹೋಗಾಕಬೇಕಲ್ಲ! ಇಲ್ಲೇ ಇದ್ದು ಜೋಳಾ ಬಿತ್ತತಾರೇನು?"

ವಿಶಾಲಾ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸಹಿ ಹಾಕಿದಳು.

ಮನೆಗೆ ಬಂದರೆ ಅಲ್ಲಿಯೂ ಅದೇ ಸುದ್ದಿ. ಅವಳ ಗಂಡ ಮಹಾಂತೇಶ ನಿಲ್ದಾಣದ ಹೆಬ್ಬಾಗಿಲ ಎದುರು ಖಾನಾವಳಿ ನಡೆಸುತ್ತಿದ್ದ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗೆ ಅವನ ಖಾನಾವಳಿ ಹೆಸರಾಗಿತ್ತು. ದೇಸಾಯರ ಡ್ರೈವರ್ ಊಟಕ್ಕೆ ಬಂದಾಗ ಎಲ್ಲವನ್ನೂ ಹೇಳಿಬಿಟ್ಟಿದ್ದ.

"ಮ್ಯಾಲೆ ನಾಲ್ಕು ಖೋಲಿ ಹಾಕಸೂಣು ಅಂತ ಮಾಡೀನಿ," ಎಂದ ಮಹಾಂತೇಶ. "ಪರದೇಶದ ಮಂದಿ, ಎರಡು ದಿನಾ ಇರ್ತಾರ, ಹೋಕ್ಕಾರ."

"ಹೋಗೂದಿಲ್ಲಂತ ಮಷಿನ್ ಹೇಳತೈತಿ."

"ಅಂದ್ರ?"

"ನನಗೂ ತಿಳೀವಲ್ದು."

ಅವನು ಅವಳ ಮುಖ ನೋಡಿದ. "ತಿಳೀಲಾರದ್ದು ಸಹಿ ಯಾಕ ಮಾಡಿದಿ?"

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಮರುದಿನ ಅವಳು ಹುರಾಫುಶಿಯ ವಿಮಾನಯಾನ ಕಚೇರಿಗೆ ಕರೆ ಮಾಡಿದಳು. ಅಲ್ಲಿ ತನ್ನಂಥದೇ ಹುದ್ದೆಯಲ್ಲಿದ್ದ ನಾಶಿದಾ ಎಂಬಾಕೆ ಪರದೆಯ ಮೇಲೆ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಅವಳ ಹಿಂದಿನ ಕಿಟಕಿಯಲ್ಲಿ ಬಿಳಿ ಬೆಳಕು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು.

"ನಿಮ್ಮ ಜನ ನಮ್ಮಲ್ಲಿಗೆ ಬರುತ್ತಾರೆ ಎಂದು ನಮ್ಮ ಯಂತ್ರ ಹೇಳುತ್ತಿದೆ. ಯಾಕಿರಬಹುದು?" ಎಂದು ಕೇಳಿದಳು ವಿಶಾಲಾ.

"ನಿಮ್ಮಲ್ಲಿಗೆ? ನಿಮ್ಮ ಊರಿನ ಹೆಸರನ್ನೇ ನಾನು ಇವತ್ತು ಕೇಳುತ್ತಿರುವುದು."

"ಬಂದವರು ವಾಪಸ್ ಹೋಗುವುದಿಲ್ಲ ಎಂದೂ ಹೇಳುತ್ತಿದೆ."

ನಾಶಿದಾ ನಗಲು ಹೊರಟು ನಿಲ್ಲಿಸಿದಳು. "ಇಲ್ಲಿಂದ ಯಾರೂ ಎಲ್ಲಿಗೂ ಹೋಗುತ್ತಿಲ್ಲ. ಸರ್ಕಾರ ಕಡಲಿಗೆ ಗೋಡೆ ಕಟ್ಟುತ್ತಿದೆ. ಮುಂದಿನ ವರ್ಷಕ್ಕೆ ಮುಗಿಯುತ್ತದೆ. ನಿಮ್ಮ ಯಂತ್ರ ಏನು ನೋಡಿ ಹಾಗೆ ಹೇಳಿತು?"

ಅದು ವಿಶಾಲಾಳಿಗೂ ಬೇಕಾಗಿತ್ತು. ಯಂತ್ರಕ್ಕೆ ಕಾರಣ ಹೇಳಲು ಬಾರದು. ಆದರೆ ಯಾವ ಚೂರುಗಳು ಹೆಚ್ಚು ತೂಕ ಪಡೆದವು ಎಂದು ಹಿಂದಕ್ಕೆ ಸೋಸಿ ತೆಗೆಯಬಹುದಿತ್ತು. ತೌಫೀಕ್ ಆ ಕೆಲಸಕ್ಕೆ ಹನ್ನೆರಡು ದಿನ ತೆಗೆದುಕೊಂಡ. ಕೊನೆಗೆ ಎರಡು ಹಾಳೆ ತಂದು ಮೇಜಿನ ಮೇಲಿಟ್ಟ.

ದ್ವೀಪದ ಜನ ಕೇಳಿದ ಪ್ರಶ್ನೆಗಳು ಅವು. ಬಾವಿಯ ನೀರು ಉಪ್ಪಾದರೆ ಎಷ್ಟು ದಿನಕ್ಕೆ ಸಿಹಿಯಾಗುತ್ತದೆ. ಮಳೆಯ ನೀರನ್ನು ಎಷ್ಟು ತಿಂಗಳು ಇಡಬಹುದು. ಉಪ್ಪುನೀರಲ್ಲಿ ಸ್ನಾನ ಮಾಡಿದ ಮಗುವಿನ ಚರ್ಮಕ್ಕೆ ಏನು ಹಚ್ಚಬೇಕು. ಆರುನೂರು ಮೀಟರ್ ಎತ್ತರದಲ್ಲಿ ತೆಂಗು ಬರುತ್ತದೆಯೇ. ಗೋರಿಯ ಮಣ್ಣನ್ನು ವಿಮಾನದಲ್ಲಿ ಒಯ್ಯಲು ಬಿಡುತ್ತಾರೆಯೇ.

ಕೊನೆಯ ಪ್ರಶ್ನೆಯನ್ನು ನಾನೂರಕ್ಕೂ ಹೆಚ್ಚು ಮಂದಿ ಕೇಳಿದ್ದರು.

"ಮಂದಿ ಇನ್ನೂ ಎದ್ದಿಲ್ರಿ ಮೇಡಮ್," ಎಂದ ತೌಫೀಕ್ ಮೆಲ್ಲಗೆ. "ಮನಸ್ಸು ಎದ್ದು ಹೊಂಟೈತಿ."

ವಿಶಾಲಾ ಆ ಹಾಳೆಗಳನ್ನು ದೇಸಾಯರಿಗೆ ತೋರಿಸಿದಳು. ಅವರು ಎರಡೂ ಹಾಳೆಗಳನ್ನು ಎರಡು ಸಲ ಓದಿದರು. ಆಮೇಲೆ, "ಅರ್ಜಿ ಹೋಗಿಬಿಟ್ಟೈತಿ. ಈಗ ನೆಲಸಾಕ ಬರ್ತಾರಂತ ಬರದ್ರ ದಿಲ್ಲಿಯೋರು ಮಾರ್ಗಾನ ಕೊಡೂದಿಲ್ಲ. ಮಾರ್ಗ ಇಲ್ಲಂದ್ರ ಅವರಿಗೂ ಇಲ್ಲ, ನಮಗೂ ಇಲ್ಲ," ಎಂದರು. ಅವರು ಹೇಳಿದ್ದು ಸ್ವಾರ್ಥವೋ ಕರುಣೆಯೋ ವಿಶಾಲಾಳಿಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

ಮಾರ್ಗ ಮಂಜೂರಾಯಿತು. ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ.

ಮಾರ್ಚ್ ತಿಂಗಳಲ್ಲಿ ಮೊದಲ ವಿಮಾನ ಇಳಿದಾಗ ಹೆಬ್ಬಾಗಿಲಲ್ಲಿ ಬ್ಯಾಂಡು, ಹೋಟೆಲುಗಳ ಹಲಗೆ ಹಿಡಿದ ಏಜೆಂಟರು, ಬಾದಾಮಿಗೆ ಹೊರಟು ನಿಂತ ಬಸ್ಸುಗಳು. ಮೆಟ್ಟಿಲಿಳಿದು ಬಂದವರನ್ನು ಕಂಡು ಬ್ಯಾಂಡಿನವರು ಅರ್ಧಕ್ಕೆ ನಿಲ್ಲಿಸಿದರು. ಒಬ್ಬಳು ಹೊಲಿಗೆ ಯಂತ್ರದ ತಲೆಯನ್ನು ಸೀರೆಯಂಥ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಇಬ್ಬರು ಗಂಡಸರು ಒಬ್ಬ ಮುದುಕಿಯನ್ನು ಕುರ್ಚಿಸಮೇತ ಎತ್ತಿ ತರುತ್ತಿದ್ದರು. ಮಕ್ಕಳ ಕೈಯಲ್ಲಿ ಶಾಲೆಯ ಚೀಲಗಳು, ಅವುಗಳಲ್ಲಿ ಇಡೀ ವರ್ಷದ ಪುಸ್ತಕಗಳು. ಎಲ್ಲರ ಬಳಿಯೂ ಮೂವತ್ತು ದಿನ ತಂಗುವ ಪರವಾನಗಿಯಿತ್ತು, ವಾಪಸ್ ಟಿಕೆಟ್ ಇತ್ತು. ಎಷ್ಟು ದಿನ ಇರುತ್ತೀರಿ ಎಂದು ಕೇಳಿದರೆ ಒಬ್ಬೊಬ್ಬರೂ ಅನುಮಾನವಿಲ್ಲದೆ, ಮುಂದಿನ ತಿಂಗಳು ಹೋಗುತ್ತೇವೆ, ಗೋಡೆಯ ಕೆಲಸ ಮುಗಿಯಲಿ, ಎನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಬಾದಾಮಿಯ ಬಸ್ಸುಗಳು ಖಾಲಿ ಹೋದವು.

ಮಹಾಂತೇಶನ ನಾಲ್ಕು ಖೋಲಿಗಳಲ್ಲಿ ಮೂರು ಸಂಸಾರ ಬಂದು ಸೇರಿದವು. ಎರಡು ದಿನದ ಬಾಡಿಗೆ ಎಂದು ಹಚ್ಚಿದ್ದ ಚೀಟಿಯನ್ನು ಅವನು ಎರಡನೆಯ ವಾರ ಕಿತ್ತುಹಾಕಿದ. "ಏನ ವಿಶಾಲಾ, ಇವರಿಗೆ ಏನಂತ ಕರೀಬೇಕು? ಗಿರಾಕಿ ಅನ್ನಲೋ, ಬೀಗರು ಅನ್ನಲೋ?" ಎಂದು ಕೇಳಿದ. ಹೊಲಿಗೆ ಯಂತ್ರದ ಹೆಂಗಸು ಕೆಳಗಿಳಿದು ಬಂದು ರೊಟ್ಟಿ ಬಡಿಯುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಹತ್ತನೆಯ ದಿನ ಹಿಟ್ಟಿಗೆ ಕೈಹಾಕಿದಳು. ರೊಟ್ಟಿ ಹರಿಯಿತು. ಯಾರೂ ನಗಲಿಲ್ಲ.

ಮೂವತ್ತನೆಯ ದಿನ ಹತ್ತಿರ ಬಂದಾಗ ವಿಶಾಲಾಳಿಗೆ ನಿದ್ದೆ ಹತ್ತದಾಯಿತು. ವಾಪಸ್ ವಿಮಾನಕ್ಕೆ ಬಾರದವರ ಪಟ್ಟಿಯನ್ನು ಅವಳೇ ಸಹಿ ಮಾಡಿ ಪೊಲೀಸರಿಗೆ ಕೊಡಬೇಕಿತ್ತು. ಆ ದಿನದಿಂದ ಆ ಜನ ಕಾನೂನು ಮೀರಿದವರು. ಅದೇ ವಾರ ನಾಶಿದಾ ಕರೆ ಮಾಡಿದಳು. ಅವಳ ಮುಖ ಬಾಡಿತ್ತು.

"ನೀರು ಸಿಹಿ ಮಾಡುವ ನಮ್ಮ ಘಟಕ ನಿಂತಿದೆ. ವಿಮಾನ ಹೇಗಿದ್ದರೂ ವಾಪಸ್ ಬರುತ್ತದಲ್ಲ. ಅದರಲ್ಲಿ ಕುಡಿಯುವ ನೀರು ಕಳಿಸಲು ಆಗುತ್ತದೆಯೇ?"

ವಿಶಾಲಾ ತೂಕದ ಲೆಕ್ಕ ತೆಗೆದಳು. ಬಿಸಿ ಗಾಳಿ ತೆಳುವಾಗಿರುತ್ತದೆ. ಎತ್ತರದ ಜಾಗದಲ್ಲಿ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಸಾಲದು, ಹಾಗಾಗಿ ಸುಡುಬಿಸಿಲಿನ ಮಧ್ಯಾಹ್ನ ತುಂಬಿದ ವಿಮಾನ ಏಳಲಾರದು. ಹೊರಗೆ ನಲವತ್ತನಾಲ್ಕು ಡಿಗ್ರಿ ಇತ್ತು. ಆ ಬಿಸಿಲಿಗೆ ವಿಮಾನ ಎತ್ತಬಲ್ಲದ್ದು ಹನ್ನೊಂದು ಟನ್. ಹನ್ನೊಂದು ಟನ್ ನೀರು ತುಂಬಿದರೆ ಜನರಿಗೆ ಒಂದು ಸೀಟೂ ಉಳಿಯುತ್ತಿರಲಿಲ್ಲ.

ಅವಳು ನಿಯಮದ ಪುಸ್ತಕ ತೆರೆದಳು. ನಿಲ್ದಾಣದ ಕಾರಣದಿಂದ ವಾಪಸ್ ಸೀಟು ಸಿಗದ ಪ್ರಯಾಣಿಕನ ಪರವಾನಗಿ, ಮುಂದಿನ ಸೀಟು ಸಿಗುವ ತನಕ ತಾನಾಗಿಯೇ ಮುಂದುವರಿಯುತ್ತದೆ ಎಂದು ಅಲ್ಲಿ ಬರೆದಿತ್ತು.

"ತುಂಬಸ್ರಿ," ಎಂದಳು ತೌಫೀಕನಿಗೆ. "ಪೂರಾ ನೀರು. ಸೀಟು ಇಲ್ಲಂತ ಬರೀರಿ."

"ಮೇಡಮ್, ಮುಂಜಾನೆ ಆರಕ್ಕ ಬಿಟ್ರ ತಂಪಿರತೈತಿ. ಮಂದೀನೂ ಹೋಗಬಹುದು."

"ಗೊತ್ತೈತಿ," ಎಂದಳು ಅವಳು. ತೌಫೀಕ್ ನೀರಿನ ಡ್ರಮ್ಮುಗಳಿಗೆ ಹೇಳಲು ಹೊರಟ.

ಹೀಗೆ ಪ್ರತಿ ಗುರುವಾರ ವಿಮಾನ ಜನರನ್ನು ತಂದು ನೀರು ಒಯ್ಯತೊಡಗಿತು. ಅವಳು ಬರೆದದ್ದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಬಿಸಿಲು ನಿಜ, ತೂಕ ನಿಜ, ನೀರಿನ ಬರ ನಿಜ. ಆದರೂ ಸಹಿ ಹಾಕುವಾಗ ಕದ್ದ ಹಾಗೆ ಅನಿಸುತ್ತಿತ್ತು. ಒಮ್ಮೊಮ್ಮೆ ಇನ್ನೊಂದು ಯೋಚನೆ ಬರುತ್ತಿತ್ತು: ಯಂತ್ರ ಹೇಳದಿದ್ದರೆ ಈ ವಿಮಾನ ಇರುತ್ತಿರಲಿಲ್ಲ, ವಿಮಾನ ಇಲ್ಲದಿದ್ದರೆ ಈ ಜನ ಹೊರಡುತ್ತಿದ್ದರೇ? ಯಂತ್ರ ಅಂದ ಸೊನ್ನೆ ತಾನಾಗಿ ನಿಜವಾಯಿತೇ, ಅಥವಾ ನಾನೇ ಅದನ್ನು ನಿಜ ಮಾಡಿದೆನೇ?

ಏಪ್ರಿಲ್ ಕೊನೆಯ ಗುರುವಾರ ಅವಳು ಆ ಮುದುಕನನ್ನು ಗಮನಿಸಿದಳು. ಹೊರಡುವವರ ಬಾಗಿಲ ಬಳಿ, ಚೀಲ ಕಟ್ಟಿಕೊಂಡು, ಟೋಪಿ ಹಾಕಿಕೊಂಡು ಕೂತಿದ್ದ. ಭದ್ರತೆಯವನು ಹೇಳಿದ: "ಮೊನ್ನಿ ವಾರಾನೂ ಬಂದಿದ್ರಿ. ಅದರ ಹಿಂದಿನ ವಾರಾನೂ. ಸೀಟಿಲ್ಲ ಅಂದ್ರ ತಲಿ ಆಡಿಸಿ ಹೋಕ್ಕಾನ."

ಹಸನ್ ಎಂದು ಅವನ ಹೆಸರು. ದ್ವೀಪದವರು ಅವನನ್ನು ಮಾಲಿಮಿ, ಎಂದರೆ ದೋಣಿಗೆ ದಾರಿ ತೋರುವವನು, ಎಂದು ಕರೆಯುತ್ತಿದ್ದರು. ಹರೆಯದಲ್ಲಿ ಮಂಗಳೂರಿನ ಹಳೆ ಬಂದರಿಗೆ ಒಣಮೀನು ತಂದು ಹಾಕುತ್ತಿದ್ದವನಾದ್ದರಿಂದ ಅವನಿಗೆ ಒಂದಿಷ್ಟು ಕನ್ನಡ ಬರುತ್ತಿತ್ತು, ಅದೂ ಕರಾವಳಿಯದು.

"ಅಮ್ಮಾ, ನನಗೆ ಹೋಗ್ಲಿಕ್ಕುಂಟು," ಎಂದ.

"ಎಲ್ಲಾರೂ ಹೋಗ್ತೀವಿ ಅಂತಾರ ಅಜ್ಜಾ," ಎಂದಳು ವಿಶಾಲಾ, ಮೆಲ್ಲಗೆ.

"ಅವರು ಹೇಳುವುದು ಮಾತ್ರ. ನನಗೆ ನಿಜವಾಗಿ ಹೋಗ್ಲಿಕ್ಕುಂಟು. ನನ್ನ ಹೆಂಡತಿ ಬರ್ಲಿಲ್ಲ. ಅವಳಿಗೆ ಹಟ. ನೀ ಹೋಗಿ ಜಾಗ ನೋಡು, ಬರುವುದಾ ಬೇಡವಾ ನಾ ಮತ್ತೆ ಹೇಳ್ತೇನೆ ಹೇಳಿದ್ದಾಳೆ. ಜಾಗ ನೋಡಿ ಆಯ್ತು. ಈಗ ಅವಳಿಗೆ ಹೇಳ್ಬೇಕಲ್ಲ?"

"ಫೋನ್ ಮಾಡಬಹುದಲ್ಲ?"

"ನಲವತ್ತೆಂಟು ವರ್ಷದ ಹೆಂಡತಿಗೆ ಫೋನಲ್ಲಿ ಹೇಳುವ ಮಾತಾ ಅದು?"

ವಿಶಾಲಾ ಅಲ್ಲೇ ಅವನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಯಂತ್ರ ಒಬ್ಬನ ವಿಷಯದಲ್ಲಿ ತಪ್ಪಿತ್ತು. ಸೀಟಿಲ್ಲ ಎಂದು ಅವಳು ಉಳಿಸಿಕೊಂಡ ಎಂಟುನೂರು ಜನರ ನಡುವೆ, ಸೀಟಿಲ್ಲ ಎಂದು ಅವಳು ಕೂಡಿಹಾಕಿದವನೂ ಒಬ್ಬನಿದ್ದ. ಅವನಿಗೆ ಸೀಟು ಕೊಟ್ಟರೆ ಸೀಟು ಇದೆ ಎಂದಾಗುತ್ತದೆ. ಅಂದೇ ಎಲ್ಲರ ಪರವಾನಗಿ ಬೀಳುತ್ತದೆ. ಕೊಡದಿದ್ದರೆ?

ಆ ದಿನವೂ ಅವನನ್ನು ಹಿಂದಕ್ಕೆ ಕಳಿಸಿದಳು. ಮನೆಗೆ ಹೋಗಿ ಗಂಡನಿಗೆ ಹೇಳಿ ಅತ್ತಳು.

ಮಹಾಂತೇಶ ನೀರಿನ ತಂಬಿಗೆ ತಂದು ಅವಳ ಮುಂದಿಟ್ಟ. ಆಮೇಲೆ ಕೇಳಿದ: "ಅಲ್ಲಾ, ನೀರಿನ ಡ್ರಮ್ಮಿನ ಜೋಡಿ ಯಾರೂ ಹೋಗೂದಿಲ್ಲೇನು? ನಾ ಹುಬ್ಬಳ್ಳಿಗೆ ಜೋಳದ ಗಾಡಿ ಕಳಸಿದ್ರ ಜೋಡಿಗೆ ಒಬ್ಬ ಮನಶಾನ್ನ ಕಳಸ್ತೀನಪಾ."

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು.

ಮುಂದಿನ ಗುರುವಾರ ಹಸನ್ ಮಾಲಿಮಿ ವಿಮಾನ ಹತ್ತಿದ. ಪ್ರಯಾಣಿಕನಾಗಿ ಅಲ್ಲ, ಸರಕು ಕಾಯುವವನಾಗಿ. ಎಪ್ಪತ್ತು ಲೀಟರ್ ನೀರು ಕೆಳಗಿಳಿಸಿ ಅವನ ತೂಕಕ್ಕೆ ಜಾಗ ಮಾಡಿದರು. ಸಿಬ್ಬಂದಿಯ ಮಡಿಸುವ ಕುರ್ಚಿಯಲ್ಲಿ, ಡ್ರಮ್ಮುಗಳ ಎದುರು, ಬೆಲ್ಟು ಬಿಗಿದುಕೊಂಡು ಕೂತ. ಕಾಗದದಲ್ಲಿ 'ನೀರಿನ ಮೇಲ್ವಿಚಾರಕ' ಎಂದಿತ್ತು.

ಆ ಕಾಗದವೇ ದಿಲ್ಲಿಯವರ ಕಣ್ಣಿಗೆ ಬಿತ್ತು.

ಮೇ ಕೊನೆಯಲ್ಲಿ ತ್ರಿವೇದಿ ಎಂಬ ಅಧಿಕಾರಿ ಬಂದರು. ತೆಳ್ಳನೆಯ ಮನುಷ್ಯ, ದನಿ ಏರಿಸುವವರಲ್ಲ. ದೇಸಾಯರು ಆ ದಿನ ರಜೆ ಹಾಕಿದ್ದರು. ತ್ರಿವೇದಿ ಮೊದಲು ತಾವೇ ತಾಪಮಾಪಕ ಹಿಡಿದು ರನ್‌ವೇಗೆ ಹೋಗಿ ನಿಂತು ಬಂದರು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ತೂಕದ ಲೆಕ್ಕವನ್ನು ಎರಡು ಸಲ ಮಾಡಿದರು.

"ಲೆಕ್ಕ ಸರಿಯಾಗಿದೆ," ಎಂದರು. "ಆದರೆ ಬೆಳಿಗ್ಗೆ ಯಾಕೆ ಹಾರಿಸುವುದಿಲ್ಲ?"

ವಿಶಾಲಾ ಮೊದಲೇ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. ಆ ಹೊತ್ತಿಗೆ ಅದು ಬಾಯಿಗೆ ಬರಲಿಲ್ಲ. "ಬೆಳಿಗ್ಗೆ ಹಾರಿಸಿದರೆ ಸೀಟು ಉಳಿಯುತ್ತದೆ ಸರ್," ಎಂದಳು.

"ಈ ಒಬ್ಬ ಹೇಗೆ ಹೋದ?"

"ಅವನೊಬ್ಬನಿಗೆ ನಿಜವಾಗಿ ಹೋಗಬೇಕಿತ್ತು."

"ಉಳಿದವರಿಗೆ?"

"ಹೋಗುತ್ತೇವೆ ಅನ್ನುತ್ತಾರೆ. ಅವರಿಗೇ ಗೊತ್ತಿಲ್ಲ. ಯಂತ್ರಕ್ಕೆ ಗೊತ್ತು. ನನಗೆ..." ಅವಳು ನಿಲ್ಲಿಸಿದಳು. "ನನಗೆ ಏನು ಗೊತ್ತಿದೆ ಎನ್ನುವುದೂ ಈಗ ಗೊತ್ತಾಗುತ್ತಿಲ್ಲ ಸರ್. ತಪ್ಪು ಮಾಡಿದ್ದೇನೆ ಎಂದು ಬೇಕಾದರೆ ಬರೆಯಿರಿ. ಆದರೆ ಪಟ್ಟಿಯನ್ನು ಪೊಲೀಸರಿಗೆ ಕೊಡಲು ನನ್ನಿಂದ ಆಗಲಿಲ್ಲ."

ತ್ರಿವೇದಿ ಕಡತ ಮುಚ್ಚಿ ಎದ್ದರು. ಮೂರು ದಿನ ಊರಲ್ಲಿ ತಿರುಗಿದರು. ದ್ವೀಪದಿಂದ ಬಂದವರ ಒಂದೊಂದೇ ಮನೆಗೆ ಹೋಗಿ, ಯಾವಾಗ ಹೊರಡುತ್ತೀರಿ ಎಂದು ಕೇಳಿದರು. ಎಲ್ಲರೂ ಮುಂದಿನ ವಿಮಾನಕ್ಕೆ ಎಂದರು. ಒಬ್ಬಳು ಅಂಗಳದಲ್ಲಿ ನೆಟ್ಟ ತೆಂಗಿನ ಸಸಿಗೆ ನೀರು ಹಾಕುತ್ತ ಹಾಗೆಂದಳು. ಆ ಮನೆಯಿಂದ ಬಂದ ತ್ರಿವೇದಿ ಖಾನಾವಳಿಯಲ್ಲಿ ಕೂತು, ಊಟ ಬೇಡ, ಬರೀ ಚಹಾ ಕೊಡಿ ಎಂದು ಹೇಳಿ, ಅಲ್ಲೇ ವರದಿ ಬರೆದರು. ಅದರ ಮುಖ್ಯ ವಾಕ್ಯ ಒಂದೇ: ವಾಪಸ್ ಮಾರ್ಗಕ್ಕೆ ಪ್ರಯಾಣಿಕರ ಬೇಡಿಕೆ ಇಲ್ಲ, ಮಾರ್ಗವನ್ನು ನೀರು ಸಾಗಣೆಗೆ ಮುಂದುವರಿಸಬಹುದು, ಬಂದವರ ಪರವಾನಗಿಯನ್ನು ಒಂದು ವರ್ಷಕ್ಕೆ ವಿಸ್ತರಿಸಿ ಮತ್ತೆ ಪರಿಶೀಲಿಸಬಹುದು.

ಜೂನ್ ಎರಡನೆಯ ವಾರ ಆದೇಶ ಬಂತು. ಒಂದು ವರ್ಷ, ಅಷ್ಟೇ. ಅದೇ ಆದೇಶದ ಎರಡನೆಯ ಪುಟದಲ್ಲಿ ವಿಶಾಲಾಳಿಗೆ ಎಚ್ಚರಿಕೆಯ ಪತ್ರವಿತ್ತು, ಬಡ್ತಿ ಮೂರು ವರ್ಷ ತಡೆದಿದ್ದರು. ಅವಳು ಎರಡೂ ಪುಟಗಳನ್ನು ತೌಫೀಕನಿಗೆ ಓದಿ ಹೇಳಿದಳು. ಅವನು ನಗಬೇಕೋ ಬೇಸರ ಮಾಡಬೇಕೋ ತಿಳಿಯದೆ, "ಚಹಾ ತರಿಸ್ಲೇನ್ರಿ?" ಎಂದ.

ಆ ಗುರುವಾರದ ವಿಮಾನದಲ್ಲಿ ಹಸನ್ ಮಾಲಿಮಿ ಬಂದಿಳಿದ. ಜೊತೆಗೆ ಅವನ ಹೆಂಡತಿ ಆಮಿನಾ. ಗಿಡ್ಡನೆಯ ಮುದುಕಿ, ಕೈಯಲ್ಲಿ ಒಂದೇ ಒಂದು ಗಂಟು. ಕಡಲ ಗೋಡೆ ಎರಡು ಕಡೆ ಒಡೆದಿತ್ತಂತೆ. ಅವಳು ಆ ವಿಷಯ ಯಾರಿಗೂ ಹೇಳಲಿಲ್ಲ, ಗಂಡ ಹೇಳಿದ. ಪರವಾನಗಿಯ ಕೌಂಟರಿನಲ್ಲಿದ್ದ ಹುಡುಗಿ ಎಂದಿನಂತೆ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದಳು. ಆಮಿನಾ ಉತ್ತರ ಕೊಡದೆ, ಗಂಡನ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು.

"ಸಮುದ್ರ ಯಾವ ಕಡೆ ಉಂಟು ಕೇಳ್ತಾಳೆ," ಎಂದ ಹಸನ್.

ಕೌಂಟರಿನ ಹುಡುಗಿ ಪಕ್ಕದವನನ್ನು ನೋಡಿದಳು. ಅವನು ಶೌಚಾಲಯದ ಕಡೆ ಕೈ ತೋರಿಸಿದ. ಭದ್ರತೆಯವನು, "ಅಲ್ಲಪಾ, ಈ ಕಡೆ," ಎಂದು ಬೇರೆ ಕಡೆ ತೋರಿಸಿದ. ಕಿಟಕಿಯಿಲ್ಲದ ಆ ಹಾಲಿನಲ್ಲಿ ಯಾರಿಗೂ ದಿಕ್ಕು ಸರಿಯಾಗಿ ತಿಳಿಯಲಿಲ್ಲ. ಹದಿನೆಂಟು ವರ್ಷ ಸಮುದ್ರದಾಚೆಗೆ ಮಾರ್ಗ ಹಾಕಿದ ವಿಶಾಲಾಳಿಗೂ ತಿಳಿಯಲಿಲ್ಲ. ಅವಳು ಆಮಿನಾಳ ಕೈ ಹಿಡಿದು ಹೊರಗೆ ಕರೆತಂದಳು. ಮಳೆ ನಿಂತು ಮೋಡ ಸರಿದಿತ್ತು. ಇಳಿಯುತ್ತಿದ್ದ ಸೂರ್ಯನನ್ನು ನೋಡಿ, ಕಾಲುವೆಯಾಚೆ, ಹಸಿ ಎರಿಹೊಲಗಳ ಆಚೆ ಬೆರಳು ತೋರಿಸಿದಳು.

ಮುದುಕಿ ಮತ್ತೆ ಕೇಳಿದಳು. "ಎಷ್ಟು ದೂರ ಕೇಳ್ತಾಳೆ," ಎಂದ ಹಸನ್.

"ನೂರೈವತ್ತು ಕಿಲೋಮೀಟರ್."

ಹಸನ್ ಅದನ್ನು ಹೇಳಿದ. ಆಮಿನಾ ಆ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತಳು. ಮನಸ್ಸಿನಲ್ಲೇ ಏನೋ ಅಳೆಯುವವಳಂತೆ ಅವಳ ತುಟಿಗಳು ಅಲುಗುತ್ತಿದ್ದವು. ಆಮೇಲೆ ಗಂಟನ್ನು ನೆಲಕ್ಕಿಟ್ಟು ಒಂದು ಮಾತು ಹೇಳಿದಳು.

ಹಸನ್ ನೆಲಕ್ಕಿಟ್ಟ ಗಂಟಿನ ಕಡೆ ನೋಡಿದ. ವಿಶಾಲಾ ಅವನ ಮುಖ ನೋಡಿದಳು.

"ಅಷ್ಟು ದೂರ ಸಾಕಾಗಬಹುದು ಹೇಳ್ತಾಳೆ," ಎಂದ.